ಕಡೆಯ ಬೆಂಚಿನಲ್ಲಿ ಸಮಾಧಾನಪ್ಪನವರು

ಹನ್ನೊಂದು ವರ್ಷದ ಹಿಂದೆ, ಜೂನ್ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ದಾಟಿದ ಮೇಲೆ, ಹೊಳಲ್ಕೆರೆಯ ನಮ್ಮ ಚರ್ಚಿನಲ್ಲಿ ಗಂಡಸರ ಕಡೆಯ ಮೊದಲ ಬೆಂಚಿನ ತುದಿಯಲ್ಲಿ ನಾನು ನಿಂತಿದ್ದೆ.

ಇದನ್ನು ಈಗ ಹೇಳುವುದಕ್ಕೆ ಕಾರಣವಿದೆ. ಹೋದ ವಾರ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ಮುಗಿದ ಮೇಲೆ ಅದರ ಪುಟ್ಟ ಲೋಟಗಳನ್ನು ತೊಳೆಯುತ್ತಿದ್ದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಬಂದು ಕೇಳಿದಳು: “ಅಂಕಲ್, ದೇವ್ರು ನ್ಯಾಯವಂತ ಅಂತೀರಿ, ಪ್ರೀತಿನೂ ಅಂತೀರಿ. ತಪ್ಪು ಮಾಡ್ದೋರ್ನ ಬಿಟ್ರೆ ನ್ಯಾಯ ಎಲ್ಲೈತೆ? ಬಿಡ್ದಿದ್ರೆ ಪ್ರೀತಿ ಎಲ್ಲೈತೆ?” ಚಿಕ್ಕಂದಿನಲ್ಲಿ ಹತ್ತು ಆಜ್ಞೆಗಳನ್ನು ಒಂದೇ ಉಸಿರಿಗೆ ಒಪ್ಪಿಸಿ ಸ್ಟೀಲ್ ಡಬ್ಬಿ ಬಹುಮಾನ ಪಡೆದವನು ನಾನು. ಅವಳಿಗೆ ಅದನ್ನು ಒಪ್ಪಿಸಲಿಲ್ಲ. ಕಂಡದ್ದನ್ನು ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ.

ಸಮಾಧಾನಪ್ಪನವರು ನಮ್ಮ ಸಭೆಯ ಹಿರಿಯರು. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಎರಡು ನಿಮಿಷ ತಡವಾದರೂ ಡ್ರೈವರನ್ನು ನಿಲ್ಲಿಸಿ ಕೇಳುತ್ತಿದ್ದರು. ಚರ್ಚಿನ ಆಶೀರ್ವಾದವಿಲ್ಲದೆ ಮದುವೆಯಾದವರು ಆರು ತಿಂಗಳು ಕರ್ತನ ಭೋಜನ ತೆಗೆದುಕೊಳ್ಳುವಂತಿಲ್ಲ, ಚಪ್ಪಲಿ ಬಿಡುವ ಬಾಗಿಲ ಪಕ್ಕದ ಕಡೆಯ ಬೆಂಚಿನಲ್ಲಿ ಕೂರಬೇಕು ಎಂಬ ನಿಯಮ ತಂದವರೂ ಅವರೇ. ಆಮೇಲೆ ಅವರ ಮಗಳು ಸುಗುಣ ಮಾಡದಕೆರೆಯ ಕುರಿಗಾರರ ಮನೆಯ ರಂಗಸ್ವಾಮಿಯನ್ನು ರಿಜಿಸ್ಟರ್ ಮದುವೆಯಾದಳು.

ಕಮಿಟಿ ಕೂಡಿತು. ನಮ್ಮ ಅಯ್ಯನವರು, ಎಂದರೆ ಪಾದ್ರಿಗಳು, ಚಿಕ್ಕ ವಯಸ್ಸಿನವರು. “ಈ ಸಲ ಬಿಟ್‌ಬಿಡಾಣ” ಎಂದರು. ಸಮಾಧಾನಪ್ಪನವರು ಒಪ್ಪಲಿಲ್ಲ. “ಬೇರೇರ ಮಕ್ಳನ್ನ ಹಿಂದೆ ಕುಂದ್ರಿಸಿವಿ. ನನ್ ಮಗ್ಳು ಮೇಲಿಂದ ಇಳ್ದು ಬಂದಾಳೇನ್ರಿ?” ಶಿಕ್ಷೆಯ ಪರವಾಗಿ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಹೊರಗೆ ಬಂದು, ಈ ಮನುಷ್ಯನಿಗೆ ಕರುಳೇ ಇಲ್ಲ ಎಂದು ಟೀ ಅಂಗಡಿಯಲ್ಲಿ ಹೇಳಿದವನೂ ನಾನೇ. ಎರಡನ್ನೂ ಒಂದೇ ಸಂಜೆ ಮಾಡಿದೆ.

ಆ ಕಾಲದಲ್ಲಿ ದೇವರ ನ್ಯಾಯವನ್ನೂ ಪ್ರೀತಿಯನ್ನೂ ನಾನು ಒಂದೇ ಕಚೇರಿಯ ಇಬ್ಬರು ಅಧಿಕಾರಿಗಳಂತೆ ತಿಳಿದಿದ್ದೆ. ಒಬ್ಬರು ಕೇಸು ಬರೆಯುವವರು, ಇನ್ನೊಬ್ಬರು ನೋಡಿ ಬಿಟ್ಟುಬಿಡುವವರು. ಯಾರ ಮೇಜಿನ ಮುಂದೆ ನಿಲ್ಲುತ್ತೀರೋ ಅದು ನಿಮ್ಮ ಅದೃಷ್ಟ.

ಆ ಭಾನುವಾರ ಸುಗುಣ ಬಂದಳು, ಹೆಂಗಸರ ಕಡೆಯ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಳು. ತಂದೆ ತನ್ನನ್ನು ಮಗಳೆನ್ನುವರೋ ಇಲ್ಲವೋ ಅವಳಿಗೆ ತಿಳಿದಿರಲಿಲ್ಲ. ಮದುವೆಯಾದ ಮೇಲೆ ಅವರು ಅವಳ ಜೊತೆ ಮಾತಾಡಿರಲಿಲ್ಲ. ಲೋಟಗಳ ತಟ್ಟೆ ಹಿಡಿದು ಅಯ್ಯನವರ ಹಿಂದೆ ನಡೆಯುವುದು ಸಮಾಧಾನಪ್ಪನವರ ಕೆಲಸ. ಅಯ್ಯನವರು ರೊಟ್ಟಿ ಮುರಿದರು. ಆಗ ಸಮಾಧಾನಪ್ಪನವರು ತಟ್ಟೆಯನ್ನು ನನ್ನ ಕಡೆ ಚಾಚಿ, “ಹಿಡ್ಕಳಪ್ಪ” ಎಂದರು. ಹಿಡಿದುಕೊಂಡೆ. ಅವರು ನಡುದಾರಿಯಲ್ಲಿ ಹಿಂದಕ್ಕೆ ನಡೆದುಹೋದರು.

“ಇದು ಹೆಂಗಸ್ರ ಕಡೆ ಐತ್ರಿ,” ಅಂದದ್ದು ಅದೇ ಬೆಂಚಿನಲ್ಲಿದ್ದ ರೂತಮ್ಮ. “ಕಣ್ಣು ಕಾಣಲ್ವಾ?”

“ಕಾಣ್ತೈತಮ್ಮ. ನೀ ಸ್ವಲ್ಪ ಆಕಡೆ ಸರ್ಕ.”

ಮಗಳ ಪಕ್ಕ ಕುಳಿತರು.

“ಮುಂದಕ್ ಬರ್ರಿ, ನಿಮಗೇನೂ ಶಿಕ್ಷೆ ಇಲ್ಲ” ಎಂದರು ಅಯ್ಯನವರು.

“ಆಕೆಗೈತಲ್ರಿ. ನಿಯಮ ಹಂಗೇ ಇರ್ಲಿ. ಆರು ತಿಂಗ್ಳು ನಾನೂ ಇಲ್ಲೇ ಕುಂತಿರ್ತೀನಿ, ರೊಟ್ಟಿ ನಂಗೂ ಬ್ಯಾಡ.”

“ಎದ್ದೇಳಪ್ಪ, ಎಲ್ರೂ ನೋಡ್ತಾರೆ,” ಸುಗುಣ ಪಿಸುಗುಟ್ಟಿದ್ದು ಮುಂದಿನ ಬೆಂಚಿಗೂ ಕೇಳಿಸಿತು.

“ನೋಡ್ಲಿ ಬಿಡು. ಊಟ ಮಾಡ್ಕಂಡ್ ಬಂದಿಯೋ ಇಲ್ಲೋ?”

ತಟ್ಟೆ ಹಿಡಿದು ಅಯ್ಯನವರ ಹಿಂದೆ ನಾನು ನಡೆದೆ.

ಸಮಾಧಾನಪ್ಪನವರು ದೇವರಲ್ಲ, ನಮ್ಮ ಆರು ತಿಂಗಳ ನಿಯಮ ದೇವರು ಹತ್ತು ಆಜ್ಞೆ ಕೊಟ್ಟ ಸೀನಾಯಿ ಬೆಟ್ಟದಿಂದ ಬಂದದ್ದೂ ಅಲ್ಲ. ಹೋಲಿಸಲು ನನಗೆ ಭಯ. ಆದರೆ ಆಜ್ಞೆ ಕೊಟ್ಟವನೇ ಇಳಿದುಬಂದು ತಪ್ಪಿತಸ್ಥರ ಸಾಲಿನಲ್ಲಿ ಕೂತನು ಎಂದು ನಾವು ಪ್ರತಿ ವಾರ ಹಾಡುತ್ತಿದ್ದುದು ನನಗೆ ಅರ್ಥವಾದದ್ದು ಆವತ್ತೇ. ಶಿಲುಬೆಯಲ್ಲಿ ನ್ಯಾಯ ಒಂದು ಅಕ್ಷರವೂ ಸಡಿಲವಾಗಲಿಲ್ಲ. ಪ್ರೀತಿ ಅದರ ಭಾರ ಹೊತ್ತಿತು. ಅಧಿಕಾರಿಗಳು ಇಬ್ಬರಿರಲಿಲ್ಲ.

ಡಿಸೆಂಬರಿನ ಮೊದಲ ಭಾನುವಾರ ತಂದೆ ಮಗಳು ಒಟ್ಟಿಗೆ ಮುಂದೆ ಬಂದು ಮೊಣಕಾಲೂರಿದರು. ರೊಟ್ಟಿ ಮೊದಲು ಸಿಕ್ಕಿದ್ದು ಸುಗುಣಳಿಗೆ.

ಸಮಾಧಾನಪ್ಪನವರು ಈಗಿಲ್ಲ, ರೂತಮ್ಮನೂ ಇಲ್ಲ. ನನ್ನ ಮಾತು ಸಾಲದಿದ್ದರೆ ಕಣ್ಣಾರೆ ಕಂಡ ಇನ್ನೂ ಮೂವರನ್ನು ಕೇಳಿ. ಆಗಿನ ಅಯ್ಯನವರು ಈಗ ಹಿರಿಯೂರಿನಲ್ಲಿದ್ದಾರೆ. ಸುಗುಣ ಮಾಡದಕೆರೆಯಲ್ಲಿದ್ದಾಳೆ. ಮೂರನೆಯವರು ರಂಗಸ್ವಾಮಿ. ಒಳಗೆ ಬರಬಹುದೋ ಇಲ್ಲವೋ ತಿಳಿಯದೆ ಅವರು ಆವತ್ತು ಬಾಗಿಲಾಚೆ ನಿಂತಿದ್ದರು. ಇವತ್ತಿಗೂ ನಮ್ಮ ಸಭೆಗೆ ಸೇರಿದವರಲ್ಲ. ಮಾವ ಬಂದು ಕೂತದ್ದು ಎಲ್ಲಿ ಎಂದು ಕೇಳಿದರೆ ನನಗಿಂತ ಸರಿಯಾಗಿ ತೋರಿಸುತ್ತಾರೆ.