ಗೆದ್ದವರಿಲ್ಲದ ಕುರಿ ಆಟ

ನಮ್ಮ ಸಿಂದಗಿ ಹೈಸ್ಕೂಲಿನ ಶಂಕ್ರೆವ್ವ ಕುರಿ ಕಾಯುವ ಧೂಳಪ್ಪನ ಮಗಳು. ಗಣಿತ ಕಲಿಸುತ್ತಿದ್ದ ನನ್ನ ತಲೆಯನ್ನು ಪ್ರಶ್ನೆ ಕೇಳಿ ಕೇಳಿ ತಿಂದವಳು. ಅವಳು ಮುಂದೆ ಓದಲೇಬೇಕೆಂಬ ಹಟ ಅವಳಿಗಿಂತ ನನಗೇ ಹೆಚ್ಚಾಗಿತ್ತು.

ಎಪ್ಪತ್ನಾಲ್ಕರಲ್ಲಿ, ಹತ್ತನೇ ಇಯತ್ತೆಯ ಪರೀಕ್ಷೆ ಮುಗಿದ ವಾರ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯ ಹೈಸ್ಕೂಲು ಮಕ್ಕಳನ್ನೂ ಕರೆದು ನಮ್ಮಲ್ಲೊಂದು ಸ್ಪರ್ಧೆ ಇಟ್ಟೆವು. ಯಾರೂ ಆಡದ ಹೊಸ ಆಟ ಕಟ್ಟಿಕೊಂಡು ಬರಬೇಕು. ಧೂಳಪ್ಪ ಮಗಳಿಗೆ ಕಡ್ಡಿ ಮುರಿದಂತೆ ಹೇಳಿದ: "ಬಹುಮಾನ ಬಂದ್ರ ವಿಜಾಪುರಕ್ಕ ಕಾಲೇಜಿಗೆ ಕಳಸ್ತೇನಿ. ಇಲ್ಲಂದ್ರ ಮರುದಿನ ನನ್ನ ಕೂಡ ಕುರಿ ಹಿಂದ ನಡಿ."

ಅವಳು ಗೋಣಿತಟ್ಟಿನ ಮೇಲೆ ಇದ್ದಿಲಿನಿಂದ, ಕೃಷ್ಣೆಯ ದಂಡೆಗೆ ಕುರಿ ಹೊಡೆದುಕೊಂಡು ಹೋಗಿ ಬರುವ ದಾರಿ ಬರೆದಳು. ಹುಣಸೆ ಬೀಜಗಳೇ ಕುರಿ, ಕವಡೆ ಬಿದ್ದಂತೆ ನಡೆ. ನಡುವೆ ತೋಳದ ಮನೆ, ರೋಗದ ಮನೆ; ಕೊನೆಗೆ ಕುರಿ ಉಳಿಸಿಕೊಂಡ ಒಬ್ಬನೇ ಗೆದ್ದವನು. ಆದರೆ ಎಲ್ಲ ಕುರಿ ಕಳೆದುಕೊಂಡವನಿಗೆ ಉಳಿದವರು ತಲಾ ಒಂದು ಕೊಡಬೇಕು, ಅವನು ಮತ್ತೆ ಹೊರಡಬೇಕು. ಅವಳ ಮಂದಿಯಲ್ಲಿ ಇದ್ದದ್ದೇ ಹಾಗೆ. ಹಿಂಡು ಸತ್ತವನನ್ನು ಬರಿಗೈಲಿ ಬಿಡುವ ಪದ್ಧತಿಯಿಲ್ಲ. ಹಾಗಾಗಿ ಆಟದಲ್ಲಿ ಯಾರೂ ಸೋಲುತ್ತಿರಲಿಲ್ಲ, ಅಂದ ಮೇಲೆ ಗೆಲ್ಲುವವರೆಲ್ಲಿ? ಇದು ಅವಳಿಗೆ ಹೊಳೆದಿರಲಿಲ್ಲ. ಗಣಿತದ ಮಾಸ್ತರನಾದ ನನಗೂ ಹೊಳೆಯಲಿಲ್ಲ, ಬಿಡಿ.

ಇಂಡಿಯಿಂದ ಬಂದಿದ್ದ ನಿರ್ಣಾಯಕ ಅಬ್ದುಲಗನಿ ಮಾಸ್ತರರಿಗೆ ಕೂಡಲೇ ಹೊಳೆಯಿತು. "ಗೆದ್ದವರು ಯಾರಂತ ಗೊತ್ತಾಗಬೇಕಲ್ಲ ತಂಗಿ? ಆ ಕುರಿ ಕೊಡೂ ನಿಯಮ ತಗದ್ಹಾಕು, ಮೊದಲನೇ ಬಹುಮಾನ ನಿಂದ."

ಹೂಂ ಅನ್ನು ಹುಡುಗಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಗೋಡೆಗೊರಗಿ ನಿಂತಿದ್ದ ಅಪ್ಪನ ಕಡೆ ನೋಡಿದಳು.

"ನೀವ ಒಂದ್ ಸರ್ತಿ ಆಡಿ ನೋಡ್ರಿ ಸರ್," ಎಂದಳು.

ಮೂವರು ನಿರ್ಣಾಯಕರೂ ನಾನೂ ಕೂತೆವು. ಸ್ವಲ್ಪ ಹೊತ್ತಿನಲ್ಲೇ ಅಬ್ದುಲಗನಿಯವರ ಕುರಿಗಳನ್ನೆಲ್ಲ ತೋಳ ತಿಂದಿತು. ತಮ್ಮ ಕಾಲಬುಡಕ್ಕೇ ನೀರು ಬಂತು ನೋಡಿ, ಮುಖ ಸಣ್ಣದು ಮಾಡಿಕೊಂಡು ನಮ್ಮತ್ತ ಕೈ ಚಾಚಿದರು. "ಒಂದೊಂದ್ ಕೊಡ್ರಪಾ."

ಎಲ್ಲರೂ ನಕ್ಕೆವು. ಆದರೆ ಉಳಿದಿಬ್ಬರು ನಿರ್ಣಾಯಕರು ಪಟ್ಟು ಬಿಡಲಿಲ್ಲ. "ಗೆದ್ದವರಿಲ್ಲದ ಆಟಕ್ಕ ಬಹುಮಾನ ಕೊಡಾಕ ಬರೂದಿಲ್ಲ. ಈಗರ ಆ ನಿಯಮ ತಗೀತಿಯೇನು?"

"ಈಗ ತಗದ್ರ ಗನಿ ಸರ್ ಬರಿಗೈಲೆ ಹೋಗ್ತಾರ್ರಿ," ಎಂದಳು ಶಂಕ್ರೆವ್ವ.

ಬಹುಮಾನ ಮುದ್ದೇಬಿಹಾಳಕ್ಕೆ ಹೋಯಿತು. ನನಗೆ ಸಿಟ್ಟು ನೆತ್ತಿಗೇರಿತ್ತು. ಬಹುಮಾನ ಹಂಚಿ ಬಂದ ಅದೇ ನಿರ್ಣಾಯಕರು ಮತ್ತೆ ಗೋಣಿತಟ್ಟಿನ ಸುತ್ತ ಕೂತರು! ಇಂಡಿಯ ಬಸ್ಸು ಹೋದರೂ ಒಬ್ಬರೂ ಏಳಲಿಲ್ಲ. ಧೂಳಪ್ಪ ನಿಂತು ಅದನ್ನೇ ನೋಡುತ್ತಿದ್ದ.

"ಬಹುಮಾನ ಬರಲಿಲ್ಲಪ್ಪಾ. ನಾಳೆ ನಿನ್ನ ಕೂಡ ಬರ್ತೇನಿ," ಎಂದಳು ಮಗಳು.

ಬೆಳಗ್ಗೆ ಅವಳು ಬುತ್ತಿ ಕಟ್ಟಿಕೊಂಡು ಹೋದರೆ ಕುರಿದೊಡ್ಡಿ ಖಾಲಿ. ಅಪ್ಪ ಒಬ್ಬನೇ ಹೊಳೆಯ ಕಡೆ ಹೊರಟುಹೋಗಿದ್ದ. ಬುತ್ತಿ ಹಿಡಿದುಕೊಂಡೇ ಅಳುತ್ತ ನಮ್ಮ ಮನೆಗೆ ಓಡಿ ಬಂದ ಹುಡುಗಿ, ಅವನು ಅವ್ವನ ಹತ್ತಿರ ಹೇಳಿಹೋದ ಮಾತನ್ನು ನನಗೆ ಹೇಳಿದಳು: "ಸಾಹೇಬ್ರು ಬಹುಮಾನ ಕೊಡ್ಲಿಲ್ಲ ಖರೆ, ಆದ್ರ ಆ ಆಟ ಬಿಟ್ಟು ಎದ್ದೂ ಹೋಗ್ಲಿಲ್ಲ. ಅಕಿ ಕಾಲೇಜಿಗೆ ಹೋಗ್ಲಿ."