ಸಿಂಗಾರಿ ಒಪ್ಪಿದರೆ ಲುವಾಂಗ್ ಪ್ರಬಾಂಗ್

ನಾನು ನದಿ ಕಾಣದ ಭೂಗೋಳದ ಮೇಷ್ಟ್ರು. ಆಂಡರ್ಸನ್‌ಪೇಟೆಯ ಶಾಲೆಯೊಂದರಲ್ಲಿ ನಿವೃತ್ತನಾಗುವ ತನಕ ಕಪ್ಪುಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಮೆಕಾಂಗ್ ನದಿಯನ್ನು ಹರಿಸಿದ್ದೇ ಹರಿಸಿದ್ದು. ಗಂಟೆ ಹೊಡೆದ ಮೇಲೆ ಡಸ್ಟರಿನಿಂದ ಒರೆಸಿ ನಮ್ಮೂರು ಬೂದಿಕೋಟೆಯ ಬಸ್ಸು ಹತ್ತುತ್ತಿದ್ದೆ. ತುಂಬಿ ಹರಿಯುವ ಹೊಳೆಯೇನಾದರೂ ನನ್ನ ಕಣ್ಣಿಗೆ ಬಿದ್ದಿದ್ದರೆ ಅದು ರೈಲಿನ ಕಿಟಕಿಯಿಂದ, ಅದೂ ಪಕ್ಕದವನ ತಲೆ ಅಡ್ಡ ಇಲ್ಲದಿದ್ದಾಗ.

ಹಾಗೆಂದು ನಮ್ಮ ಸೀಮೆಗೆ ನದಿಯೇ ಇಲ್ಲವೆಂದರೆ ತಪ್ಪಾದೀತು. ಪಾಲಾರ್ ಇದೆ. ಹೆಸರಿನ ಅರ್ಥ ಹಾಲಿನ ಹೊಳೆ. ಅದರಲ್ಲಿ ನೀರನ್ನು ಹುಡುಕಬೇಕು, ನಿಜ. ಆದರೆ ಹೆಸರಿಟ್ಟವರು ಸುಳ್ಳು ಹೇಳಿಲ್ಲ. ಬೆಳಗಿನ ಹೊತ್ತು ಊರ ಡೈರಿಯ ಮುಂದೆ ನಿಂತು ನೋಡಿ, ಕ್ಯಾನು ಕ್ಯಾನು ಹಾಲು ಬಂಗಾರಪೇಟೆ ಕಡೆಗೆ ಹೊರಟಿರುತ್ತದೆ.

ನಿವೃತ್ತಿಯ ನಂತರ ಒಂದೇ ಹಟ ಹಿಡಿದೆ: ಒಮ್ಮೆಯಾದರೂ ಮೆಕಾಂಗ್ ನೋಡಬೇಕು. ಲಾವೋಸ್ ದೇಶದ ಹಳೆಯ ರಾಜಧಾನಿ ಲುವಾಂಗ್ ಪ್ರಬಾಂಗಿನಲ್ಲಿ ಎರಡು ನದಿಗಳು ಕೂಡುತ್ತವೆ, ನಡುವಿನ ನೆಲದ ತುಂಬ ಬುದ್ಧನ ದೇಗುಲಗಳು. ಸುದ್ದಿ ಕೇಳಿದ ಪಕ್ಕದ ಮನೆಯ ನಾರಾಯಣಪ್ಪ, ಬೋರ್‌ವೆಲ್ ನಂಬಿ ಬದುಕುವ ನಮ್ಮ ಕಡೆಯವರು ಮೊದಲು ಕೇಳುವುದನ್ನೇ ಕೇಳಿದ: “ಎಷ್ಟ್ ಅಡಿಗೆ ಬಿದ್ದದೆ ಮೇಷ್ಟ್ರೇ ಅಲ್ಲಿ ನೀರು?”

“ಅಡಿ ಗಿಡಿ ಇಲ್ಲಪ್ಪ, ಮೇಲೇ ಹರೀತದೆ.”

“ಮೇಲೇನಾ! ಮೋಟ್ರು ಇಲ್ದೇನಾ?” ಎಂದವನು ನನ್ನ ಮುಖವನ್ನೇ ನೋಡಿದ. ಮೇಷ್ಟ್ರಿಗೆ ವಯಸ್ಸಾಯಿತು ಅಂದುಕೊಂಡಿರಬೇಕು.

ದಾರಿಗೆ ಅಡ್ಡ ನಿಂತದ್ದು ಪಾಸ್‌ಪೋರ್ಟೂ ಅಲ್ಲ, ವೀಸಾನೂ ಅಲ್ಲ. ಸಿಂಗಾರಿ, ನಮ್ಮ ಸೀಮೆಹಸು. ಅದು ಹಾಲು ಇಳಿಸುವುದು ನನ್ನ ಹೆಂಡತಿ ಜಯಮ್ಮನ ಕೈಗೆ ಮಾತ್ರ. ಅವಳಿಲ್ಲದೆ ನಾನು ಹೋಗುವುದಿಲ್ಲ, ಹಸು ಬಿಟ್ಟು ಅವಳು ಬರುವುದಿಲ್ಲ. ಅಲೆಕ್ಸಾಂಡರನಿಗೂ ಹೀಗೆ ಮನೆಯಲ್ಲೊಂದು ಕರೆಯುವ ಹಸು ಇದ್ದಿದ್ದರೆ ಚರಿತ್ರೆಯ ಪಾಠ ಎಷ್ಟು ಚಿಕ್ಕದಾಗುತ್ತಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಬಂಗಾರಪೇಟೆಯಿಂದ ನಾದಿನಿ ರತ್ನಳನ್ನು ಕರೆಸಿದೆವು. ಹುಟ್ಟಿದಾಗಿನಿಂದ ಹಸುಗಳ ಜೊತೆಯೇ ಬೆಳೆದವಳು, ನಾವಿಲ್ಲದಾಗ ಕರೆಯಲಿ ಎಂದು. ಅವಳು ಘಮ್ಮೆನ್ನುವ ಮಲ್ಲಿಗೆ ಮುಡಿದು ಹೊಸ ಸೀರೆಯುಟ್ಟು ಕೊಟ್ಟಿಗೆಗೆ ಹೋದಳು. ಸಿಂಗಾರಿ ಒದ್ದ ಏಟಿಗೆ ತಂಬಿಗೆ ಗೋಡೆಗೆ ಬಿತ್ತು. “ನನ್ ಕೈಲಿ ಆಗಾಕಿಲ್ಲ ಬಾವ” ಎಂದು ರತ್ನ ಸೋತವಳಂತೆ ಕೂತಳು. ಅಕ್ಕನ ಕಡೆ ಒಮ್ಮೆ ನೋಡಿದಳು. ಆ ನೋಟದ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆ ಇದಕ್ಕೊಂದು ಹಳೆಯ ಉಪಾಯವಿದೆ. ಕರೆಯುವವಳ ಬಟ್ಟೆ ತೊಟ್ಟು ಹೋದರೆ ಹಸು ವಾಸನೆ ಹಿಡಿದು ಸುಮ್ಮನಾಗುತ್ತದೆ. ಮೆಕಾಂಗ್ ಕೈತಪ್ಪಿ ಹೋಗುತ್ತಿದೆಯಲ್ಲ ಎಂಬ ಸಂಕಟಕ್ಕೆ ನಾನೇ ಮುಂದಾದೆ. ಜಯಮ್ಮನ ಹೂವಿನ ನೈಟಿ, ಹೆಗಲಿಗೆ ಅವಳ ಟವೆಲ್ಲು, ಕಿವಿ ಮುಚ್ಚುವಂತೆ ಸ್ಕಾರ್ಫು. ಅವಳ ತವರು ಆಂಧ್ರದ ಕಡೆ. ಹಸುವಿನ ಜೊತೆ ತೆಲುಗಿನಲ್ಲೇ ಮಾತು. ನಾನೂ ಗಂಟಲು ಸಣ್ಣ ಮಾಡಿ, “ಉಂಡವೇ ತಲ್ಲೀ, ಉಂಡವೇ”, ಅಂದರೆ ಸುಮ್ಮನಿರೇ ತಾಯಿ, ಎಂದು ಬೆನ್ನು ಸವರಿ ಕೂತೆ. ಹುಡುಗನಾಗಿದ್ದಾಗ ಕಲಿತ ಕೈ ಮರೆತಿರಲಿಲ್ಲ. ಸೊರ್ ಎಂದು ಹಾಲಿಳಿಯಿತು! ಪರೀಕ್ಷೆಯಲ್ಲಿ ಪಾಸಾದ ಹುಡುಗರ ಸಂತೋಷ ಏನೆಂದು ಆವತ್ತು ತಿಳಿಯಿತು.

ಅಷ್ಟರಲ್ಲಿ ಬೆನ್ನ ಹಿಂದೆ ನಾರಾಯಣಪ್ಪನ ದನಿ. “ಏನಕ್ಕಾ, ಮೇಷ್ಟ್ರು ಇನ್ನೂ ಎದ್ದಿಲ್ವಾ?”

ಬಾಯಿ ಬಿಟ್ಟರೆ ಹಾಲು ನಿಲ್ಲುತ್ತದೆ, ಜೊತೆಗೆ ಮಾನವೂ ಹೋಗುತ್ತದೆ. ತಿರುಗದೆ ಇಲ್ಲವೆಂದು ತಲೆಯಾಡಿಸಿದೆ.

“ಅವ್ರದೇನಕ್ಕಾ, ಪುಣ್ಯವಂತ್ರು. ಬಿಸ್ಲು ಬರಗಂಟ ಮಲಗ್ತಾರೆ. ನಿನ್ಗೇ ಒಂದಿನಾನೂ ಇಲ್ಲ ನೋಡು” ಎಂದು ಹೊರಟುಹೋದ. ನಮ್ಮ ಬಗ್ಗೆ ಊರಿನ ಅಭಿಪ್ರಾಯ ತಿಳಿಯಬೇಕಾದರೆ ಹೆಂಡತಿಯ ನೈಟಿ ತೊಟ್ಟು ಕೂರಬೇಕು. ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಗೊತ್ತಿಲ್ಲ.

ತುಂಬಿದ ತಂಬಿಗೆ ಹಿಡಿದು ಗೆದ್ದವನಂತೆ ಒಳಗೆ ಬಂದೆ. ಜಯಮ್ಮ ತಂಬಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಅಯ್ಯೋ ಸಿವ್ನೆ, ಇನ್ನೇನ್ ಚಿಂತೆ ಬುಡಿ. ನೀವು ಹಾಲ್ ಕರ್ಕೊಂಡು ಇರಿ, ನಾನೂ ರತ್ನೂ ಓಗಿ ಬತ್ತೀವಿ” ಎಂದಳು. ರತ್ನ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು. ಅಕ್ಕನ ಕಡೆ ನೋಡಿದ ಆ ನೋಟದ ಅರ್ಥ ಆಗ ಹೊಳೆಯಿತು. ಮಲ್ಲಿಗೆ ಮುಡಿದು ಹಸುವಿನ ಹತ್ತಿರ ಹೋಗಬಾರದೆಂಬುದು ಹುಟ್ಟಿನಿಂದ ಹಸು ಕರೆದವಳಿಗೆ ಗೊತ್ತಿರಲಿಲ್ಲವೇ? ಕೇಳುವ ಧೈರ್ಯವಾಗಲಿಲ್ಲ, ನೈಟಿಯಲ್ಲಿ ನಿಂತು ಯಾರನ್ನು ಗದರಿಸುವುದು!

ಹೊಟ್ಟೆ ಉರಿಯಿತು, ಯಾಕೆ ಸುಳ್ಳು ಹೇಳಲಿ. ಆದರೂ ಮೇಷ್ಟ್ರ ಚಾಳಿ ಬಿಡುವುದೇ? ನಕಾಶೆ ಹರಡಿ ಪಾಠ ಶುರು ಮಾಡಿದೆ. ಅಲ್ಲಿ ಮುಖ್ಯವಾಗಿ ನೋಡಬೇಕಾದ್ದು ನಸುಕಿನಲ್ಲಿ ಸಾಲಾಗಿ ಭಿಕ್ಷೆಗೆ ಹೊರಡುವ ಕಾವಿಯ ಭಿಕ್ಷುಗಳನ್ನು. ಕತ್ತಲಿರುವಾಗಲೇ ಎದ್ದು ಬೀದಿಯಲ್ಲಿ ಕೂರಬೇಕು ಎಂದೆ.

“ಕತ್ತಲಾಗೇ ಏಳಾದಾ?” ಎಂದು ಜಯಮ್ಮ ನಕಾಶೆಯನ್ನು ಮಡಿಸಿ ಕೈಗೆ ಕೊಟ್ಟಳು. “ಅದ್ಕೆ ಅಷ್ಟು ದೂರ ಯಾಕೆ ಓಗ್ಬೇಕು? ನಿಮ್ ನದಿ ಎಲ್ಲಿಗೂ ಓಗಾಕಿಲ್ಲ ಅಂತೀರಲ್ಲ, ಮಧ್ಯಾಹ್ನ ನೋಡ್ತೀನಿ. ನಾನು ಬಿಸ್ಲು ಬರಗಂಟ ಮಲಗ್ಬೇಕು ಕಣ್ರೀ. ಯಾರೂ ಎಬ್ಬಿಸ್ಬಾರ್ದು.”

ಇಷ್ಟು ವರ್ಷ ಭೂಗೋಳ ಕಲಿಸಿದರೂ ಇಂಥ ಊರು ನನ್ನ ನಕಾಶೆಯಲ್ಲಿ ಇರಲಿಲ್ಲ.

ಈಗ ರತ್ನಳ ಪಾಸ್‌ಪೋರ್ಟ್ ಬರುವುದನ್ನೇ ಕಾಯುತ್ತಿದ್ದೇವೆ. ಮುಂದಿನ ವರ್ಷ ನನ್ನ ಸರದಿಯಂತೆ. ಮಾತು ಕೊಟ್ಟವರು ಜಯಮ್ಮ, ಸಾಕ್ಷಿ ಸಿಂಗಾರಿ. ದಿನಾ ನಸುಕಿಗೆ ಎದ್ದು ಅಭ್ಯಾಸ ಮಾಡುತ್ತಿದ್ದೇನೆ, ಗುಟ್ಟು ತಿಳಿದ ನಾರಾಯಣಪ್ಪನೂ ಈಗ ಧಾರಾಳವಾಗಿ ನಗುತ್ತಾನೆ. ಲಾವೋಸಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಅವಳು ಅಲ್ಲಿರುವ ದಿನ ನಾನಿಲ್ಲಿ ನೈಟಿಯ ತೋಳು ಮಡಿಸಿ ತಂಬಿಗೆ ಹಿಡಿಯುವ ಹೊತ್ತಿಗೆ ಮೆಕಾಂಗಿನ ಮೇಲೆ ಬಿಸಿಲು ಚೆನ್ನಾಗಿಯೇ ಏರಿರುತ್ತದೆ. ಜಯಮ್ಮ ಮುಸುಕು ಹೊದ್ದು ಮಲಗಿರುತ್ತಾಳೆ. ಮಲಗಲಿ.