ಗೌರಕ್ಕನ ಹಗುರ ಕೈ

ಗೌರಕ್ಕ ಕುಂದಗೋಳದವಳು. ಗಂಡ ಬಿಟ್ಟ ಮೇಲೆ ನರ್ಸ್ ಕಲಿತು, ಎಂಬತ್ಮೂರನೆಯ ಇಸವಿಯಲ್ಲಿ ನಮ್ಮ ಶಲವಡಿಗೆ ಲಕ್ಷ್ಮಣಪ್ಪ ಡಾಕ್ಟರ ದವಾಖಾನೆಗೆ ಬಂದಳು. ತವರಿನಲ್ಲಿ ಅಣ್ಣಂದಿರು ಬಾಗಿಲು ಹಾಕಿಕೊಂಡಿದ್ದರು. ದವಾಖಾನೆಯ ಹಿಂದಿನ ಖೋಲಿ ಬಿಟ್ಟರೆ ಅವಳಿಗೆ ತಲೆ ಇಡಲು ಬೇರೆ ಜಾಗ ಇರಲಿಲ್ಲ. ನಾನು ಅಲ್ಲೇ ಕಸ ಹೊಡೆದು, ಸ್ಟೋವ್ ಹಚ್ಚಿ ಸೂಜಿ ಕುದಿಸುವ ಕೆಲಸಕ್ಕಿದ್ದೆ.

ಆಗ ಸೂಜಿಯನ್ನು ಒಮ್ಮೆ ಚುಚ್ಚಿ ಒಗೆಯುತ್ತಿರಲಿಲ್ಲ. ಕುದಿಸಿ ಕುದಿಸಿ ಅದನ್ನೇ ಎಲ್ಲರಿಗೂ ಹಾಕುವುದು. ತುದಿ ಮೊಂಡಾಗಿ ಗೂಟ ಬಡಿದ ಹಾಗೆ ಆಗುತ್ತಿತ್ತು. ಗೌರಕ್ಕ ಬೆಳಿಗ್ಗೆ ಎದ್ದವಳೇ ಸಾಣೆಕಲ್ಲಿಗೆ ಎಣ್ಣೆ ಬಿಟ್ಟು ಸೂಜಿ ಮಸೆಯುವಳು. ಹತ್ತಿಯ ಮೇಲೆ ಎಳೆದು ನೋಡಿ, ಎಳೆ ಸಿಕ್ಕಿಕೊಂಡರೆ ಮತ್ತೆ ಮಸೆಯುವಳು. ಸಲಾಯಿನ್ ಏರಿಸುವಾಗ ರೋಗಿಯ ಕೈಗೆ ಬಿಸಿನೀರಲ್ಲಿ ಹಿಂಡಿದ ಅರಿವೆ ಸುತ್ತಿ, ಮಂಚದಿಂದ ಕೆಳಗೆ ಇಳಿಬಿಡಿಸುವಳು. ನರ ಉಬ್ಬಿ ಬಂದ ಮೇಲೆ "ಈಗ ಒಮ್ಮಿ ಜೋರ್ ಕೆಮ್ಮು" ಅನ್ನುವಳು. ಅವರು ಕೆಮ್ಮುವಷ್ಟರಲ್ಲಿ ಸೂಜಿ ಒಳಗೆ.

"ಯಾವಾಗ ಹಾಕ್ತೀಯವಾ?" ಎಂದು ಒಮ್ಮೆ ಸಲಾಯಿನ್‌ಗೆ ಬಂದು ಮಲಗಿದ್ದ ಮಾಬುಬಿ ಕಣ್ಣು ಮುಚ್ಚಿಕೊಂಡೇ ಕೇಳಿದ್ದಳು.

"ಹಾಕಿ ಬಾಟ್ಲಿನೂ ಬಿಟ್ಟೇನಿ, ಕಣ್ಣ ತಗಿ."

ಇಂಥ ಕೈಯನ್ನು ಊರು ಹೊತ್ತು ಮೆರೆಸಬೇಕಿತ್ತು. ಆದರೆ ನಮ್ಮ ಮಂದಿಯ ಲೆಕ್ಕವೇ ಬೇರೆ. ಸೂಜಿ ಉರಿಯಬೇಕು, ಕೈ ಬಾತುಕೊಳ್ಳಬೇಕು. ಇಲ್ಲದಿದ್ದರೆ ಔಷಧ ಹತ್ತಲಿಲ್ಲ ಎಂದೇ ನಂಬಿಕೆ. ನಾಲ್ಕು ಕೂರಿಗೆ ಹೊಲದ ಗೌಡ ಈರಬಸಪ್ಪ ಸಲಾಯಿನ್ ಹಾಕಿಸಿಕೊಂಡು ಹೋದವನೇ ಕಟ್ಟೆಯ ಮೇಲೆ ಕುಳಿತು, "ಇರಿವಿ ಕಡದಂಗೂ ಆಗ್ಲಿಲ್ಲೋ, ಬರೇ ನೀರು ಬಿಟ್ಟಾಳ" ಎಂದ.

"ಕೆಮ್ಮು ಅಂದಳೇನ್ರಿ ಗೌಡ್ರ?"

"ಕೆಮ್ಮಾಕ ದವಾಖಾನಿಗೆ ಯಾಕ ಹೋಗಬೇಕಲೇ, ಒಂದ್ ಬೀಡಿ ಸೇದಿದ್ರ ಸಾಕು!"

ಕಟ್ಟೆಯೆಲ್ಲ ನಕ್ಕಿತು. ಅವಳಿಗೆ ಕೆಮ್ಮಿನಬಾಯಿ ಎಂದು ಹೆಸರು ಬಿತ್ತು. ಮಂದಿ ಬಸ್ಸು ಹತ್ತಿ ಅಣ್ಣಿಗೇರಿಯ ಒಬ್ಬ ಕಂಪೌಂಡರನ ಹತ್ತಿರ ಹೋಗತೊಡಗಿದರು. ಅವನು ನರ ಸಿಗದೆ ಕೈ ತುಂಬ ಚುಚ್ಚುತ್ತಿದ್ದ. ನೀಲಿಗಟ್ಟಿದ ಕೈಯನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತ, ಹೊಸ ಬಳೆ ಇಡಿಸಿಕೊಂಡು ಬಂದವರ ಹಾಗೆ ಬಸ್ಸಿಳಿಯುತ್ತಿದ್ದರು.

ಡಾಕ್ಟರು ಓದಿದವರು, ತಿಳಿಯದವರಲ್ಲ. ಆದರೂ ಒಂದು ದಿನ ಅಂದರು: "ಗೌರಕ್ಕ, ಸ್ವಲ್ಪ ಗೊತ್ತಾಗೂ ಹಂಗ ಚುಚ್ಚವಾ."

"ಗೊತ್ತಾಗಬಾರ್ದಂತನಽ ಇಷ್ಟೆಲ್ಲಾ ಮಾಡ್ತೇನ್ರಿ ಸಾಹೇಬ್ರ."

"ಮಾಡು. ಮಂದಿ ಹಿಂಗಽ ಅಣ್ಣಿಗೇರಿಗೆ ಹ್ವಾದ್ರ ಮುಂದಿನ ಅಮಾಸಿಗೆ ಖೋಲಿ ಖಾಲಿ ಮಾಡು."

ಆಮೇಲೆ ಅವಳು ಒಂದು ಉಪಾಯ ಹೂಡಿದಳು. ಬಂದವರಿಗೆ, "ನೋವಾಗದಿದ್ರೂ ಒಮ್ಮಿ ಚೀರ್ರಿ, ನನ್ನ ಹೊಟ್ಟಿ ತುಂಬತೈತಿ" ಎಂದಳು. ಮಾಬುಬಿ ಒಬ್ಬಳೇ ಒಪ್ಪಿ "ಯಾ ಅಲ್ಲಾ" ಎಂದು ಕೂಗಿದಳು. ಕೂಗಿದವಳು ತಡೆಯಲಾರದೆ ನಕ್ಕೂ ಬಿಟ್ಟಳು. ಹೊರಗೆ ಕುಳಿತವರು ಯಾಕೆ ನಂಬುತ್ತಾರೆ?

ಅಮಾವಾಸ್ಯೆ ಹತ್ತಿರ ಬಂದಾಗ ಕೂಲಿಯ ಹನಮವ್ವನಿಗೆ ವಾಂತಿಭೇದಿ ಹತ್ತಿತು. ಚಕ್ಕಡಿಯಲ್ಲಿ ತಂದು ಮಲಗಿಸಿದರು. ಬಾಗಿಲಲ್ಲಿ ಮಂದಿ ನಿಂತಿತ್ತು, ಈರಬಸಪ್ಪನೂ ಇದ್ದ, ಚಕ್ಕಡಿ ಅವನದೇ. ಹನಮವ್ವ ಹಿಂದೆ ಒಮ್ಮೆ ಗೌರಕ್ಕನ ಕೈಯಲ್ಲಿ ಸಲಾಯಿನ್ ಹಾಕಿಸಿಕೊಂಡವಳು. ಆ ನಿತ್ರಾಣದಲ್ಲೂ ತಾನಾಗಿಯೇ ಕೈ ಚಾಚಿದಳು. ನಾನು ಬಿಸಿ ಅರಿವೆ ಹಿಡಿದು ನಿಂತೆ.

ಗೌರಕ್ಕ ಬಾಗಿಲ ಕಡೆ ನೋಡಿದಳು. ನನ್ನ ಕೈಯಿಂದ ಅರಿವೆ ತೆಗೆದುಕೊಳ್ಳಲಿಲ್ಲ. ಮಸೆಯದೆ ಬದಿಗಿಟ್ಟಿದ್ದ ಸೂಜಿ ಎತ್ತಿಕೊಂಡಳು. ಚುಚ್ಚಿದಳು, ತೆಗೆದಳು, ಮತ್ತೆ ಚುಚ್ಚಿದಳು. ಹನಮವ್ವನ ಚೀರಾಟ ಬಸ್‌ಸ್ಟ್ಯಾಂಡಿನ ತನಕ ಕೇಳಿತಂತೆ.

"ಯಕ್ಕಾ, ನಾ ಏನ್ ತಪ್ಪ ಮಾಡೀನಿ?"

ಗೌರಕ್ಕ ಪಟ್ಟಿ ಅಂಟಿಸಿ ಬಾಟ್ಲಿ ಬಿಟ್ಟಳು. ಅವಳ ತುಟಿ ಬೆಳ್ಳಗಾಗಿತ್ತು.

"ಹಾಂ, ಈಗ ಹತ್ತೀತ ನೋಡು ಔಷಧ" ಎಂದ ಈರಬಸಪ್ಪ ಹೊರಗಿನಿಂದ.

ಮರುದಿನವೇ ದವಾಖಾನೆಯ ಮುಂದೆ ಮಂದಿಯ ಪಾಳಿ ಹತ್ತಿತು. ಅಮಾವಾಸ್ಯೆ ಬಂತು, ಹೋಯಿತು. ಖೋಲಿಯ ಮಾತನ್ನು ಡಾಕ್ಟರು ಮತ್ತೆ ಎತ್ತಲಿಲ್ಲ. ಊರಲ್ಲಿ ಗೌರಕ್ಕನ ಕೈಗುಣದ ಮಾತೇ ಮಾತು. ನನಗೆ ಮಾತ್ರ ಅವಳ ಮುಖ ನೋಡಲು ಆಗುತ್ತಿರಲಿಲ್ಲ.

ಹನಮವ್ವ ಎದ್ದು ಓಡಾಡುವಂತಾದ ಮೇಲೆ ಒಂದು ದಿನ ದವಾಖಾನೆಗೆ ಬಂದಳು. ಬಯ್ಯಲು ಬಂದಳೆಂದು ನಾನು ಎಣಿಸಿದ್ದೆ, ಬೈದರೆ ಬೈಯಲಿ ಎಂದೂ ಅನಿಸಿತ್ತು. ಅವಳ ಸೆರಗಿನಲ್ಲಿ ಎರಡು ಸೇರು ಜೋಳವಿತ್ತು. ಕೈಯ ನೇರಳೆ ಬಣ್ಣ ಇನ್ನೂ ಹೋಗಿರಲಿಲ್ಲ. ಆ ಕೈಯನ್ನೇ ಮುಂದೆ ಮಾಡಿ ಹೇಳಿದಳು:

"ಯಕ್ಕಾ, ನೀ ಅವತ್ತ ಹಂಗ ಚುಚ್ಚಿದ್ದಕ್ಕಽ ನಾ ಉಳದೆ. ಮದ್ಲಿನ ಸಲನೂ ಹಂಗಽ ಚುಚ್ಚಿದ್ರ ನನಗ ಈ ಬ್ಯಾನಿ ಮತ್ತ ಬರ್ತಿರಲಿಲ್ಲ."

ಗೌರಕ್ಕ ಆ ಕೈ ಕಡೆ ನೋಡಲಿಲ್ಲ.

"ಇಟ್ಟ ಹೋಗು" ಎಂದಳು. ಆಮೇಲೆ ಪಾಳಿಯಲ್ಲಿ ಮುಂದಿದ್ದವರನ್ನು ಒಳಗೆ ಕರೆದಳು.